ಸತ್ಯಾಂಶ: ಬಿಎ ಓದಿದವರಿಗೆ ಯುರೋಪಿನಲ್ಲಿ ಸ್ಕಾಲರ್‌ಶಿಪ್ ಇಲ್ಲವೇ?

"ವಿದೇಶದ ಸ್ಕಾಲರ್‌ಶಿಪ್ ಎಲ್ಲ ಎಂಜಿನಿಯರಿಂಗ್‌ನವರಿಗೆ. ಬಿಎ ಮಾಡಿದವರು ಮೂರ್ನಾಲ್ಕು ಯೂನಿವರ್ಸಿಟಿ ಅಂತ ಹೋಗೋದು ಸುಮ್ನೆ ಟೂರ್." ಇಂಥ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಎರಡೂ ಮಾತು ತಪ್ಪು.

ಹಲವು ದೇಶಗಳ ಯೂನಿವರ್ಸಿಟಿಗಳು ಸೇರಿ ನಡೆಸುವ ಸ್ನಾತಕೋತ್ತರ ಕೋರ್ಸುಗಳಿಗೆ ಸ್ಕಾಲರ್‌ಶಿಪ್ ಕೊಡುವ ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆ 2004ರಿಂದ ಇದೆ. ಇತಿಹಾಸ, ಸಾಹಿತ್ಯ, ಸಂಸ್ಕೃತಿ ಓದುವವರಿಗೂ ಇದರಲ್ಲಿ ಜಾಗವಿದೆ. ಯೂರೋಕಲ್ಚರ್ ಎಂಬ ಎಂಎ ಕೋರ್ಸನ್ನೇ ನೋಡಿ. ಜರ್ಮನಿಯ ಗಟಿಂಗನ್, ಸ್ವೀಡನ್‌ನ ಉಪ್ಸಾಲಾ, ಪೋಲೆಂಡಿನ ಕ್ರಾಕೋವ್ ಹೀಗೆ ಹಲವು ಕಡೆಯ ಯೂನಿವರ್ಸಿಟಿಗಳು ಸೇರಿ ನಡೆಸುತ್ತವೆ. ಮೊದಲ ಸೆಮಿಸ್ಟರ್ ಒಂದು ಊರಲ್ಲಿ, ಎರಡನೆಯದು ಇನ್ನೊಂದು ದೇಶದಲ್ಲಿ. ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ಕವರಿಗೆ ಫೀಸಿಲ್ಲ. ಜೊತೆಗೆ ತಿಂಗಳಿಗೆ 1,400 ಯೂರೋ ಸಿಗುತ್ತದೆ. ಆದರೆ ವಿಮಾನ, ವೀಸಾ, ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು.

ಇನ್ನು ಟೂರ್ ವಿಚಾರ. ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ ಕೆಲಸ. ಕ್ಲಾಸು ಕಡಿಮೆ, ಓದು, ಬರವಣಿಗೆ ಜಾಸ್ತಿ. ಅದರ ಮೇಲೆ ಊರು ಬದಲಾವಣೆಯ ಗೋಳು ಬೇರೆ. ಜರ್ಮನಿಯಲ್ಲಿ ಚಳಿಗಾಲದ ಪಾಠ ಫೆಬ್ರವರಿವರೆಗೆ ನಡೆಯುತ್ತದೆ, ಸ್ವೀಡನ್‌ನಲ್ಲಿ ಮುಂದಿನ ಸೆಮಿಸ್ಟರ್ ಜನವರಿ ಮಧ್ಯದಲ್ಲೇ ಶುರು. ಪ್ರಬಂಧ ಮುಗಿಸುವುದೋ, ರೂಮ್ ಖಾಲಿ ಮಾಡುವುದೋ, ಹೊಸ ದೇಶದಲ್ಲಿ ಇರಲು ಬೇಕಾದ ಪರವಾನಗಿಗೆ ಅಲೆಯುವುದೋ? ಸುಸ್ತಾಗದೆ ಇರುತ್ತದಾ!

ಪೈಪೋಟಿ ಜೋರಾಗಿದೆ, ಅದು ನಿಜ. ಯಾವ ಕೋರ್ಸಿಗೆ ಈ ವರ್ಷ ಸ್ಕಾಲರ್‌ಶಿಪ್ ಇದೆ ಎಂಬುದು ಒಕ್ಕೂಟದ ಅಧಿಕೃತ ಪಟ್ಟಿಯಲ್ಲಿ ಸಿಗುತ್ತದೆ. ಅರ್ಜಿ ನೇರವಾಗಿ ಕೋರ್ಸಿನವರಿಗೇ ಹಾಕಬೇಕು, ಏಜೆಂಟ್ ಬೇಕಿಲ್ಲ.