ಮುತ್ಯಾ, ನೀವು ಯಾವ ಇಲಾಖಿಗಿ ಬರ್ತೀರಿ?

ನಮ್ಮ ಕಲಬುರಗಿ ಕಡಿ ಮನುಷ್ಯಾ ಒಂದೇ ಸಲಕ್ಕ ಮುದುಕ ಆಗಂಗಿಲ್ರಿ, ಕಂತಿನ ಮ್ಯಾಲ ಆಗ್ತಾನ. ತಂಬೂರಿ ಹಿಡದು ತತ್ವಪದ ಹಾಡೋನಿಗಿ 58ಕ್ಕೇ ಮುಪ್ಪು ಬರ್ತದ, ಕಲಾವಿದರ ಮಾಸಾಶನಕ್ಕ ಅಷ್ಟು ಆಗಿದ್ರ ಸಾಕು. ಹಿರಿಯ ನಾಗರಿಕರ ಕಾರ್ಡಿಗಿ 60. ಸಂಧ್ಯಾ ಸುರಕ್ಷಾ ಪೆನ್ಶನ್ನಿಗಿ 65 ತುಂಬಿರ್ಬೇಕು. ದಿಲ್ಲಿಯವರು 2024ರಾಗ ವಯಸ್ಸಾದೋರಿಗಿ ಅಂತ ಖಾಸ ಮಾಡಿದ ಆಯುಷ್ಮಾನ್ ಕಾರ್ಡಿಗಿ 70. ಹಿಂಗಾಗಿ 62 ವರ್ಷದ ನಮ್ಮ ಓಣಿ ಕಾಕಾ ಒಂದು ಟೇಬಲ್ ಮುಂದ ನಿಂತ್ರ ಹಿರಿಯರು, ಬಾಜುದ ಟೇಬಲ್ ಮುಂದ ಸರದ್ರ ಇನ್ನಾ ದುಡಿಯೋ ಹುಡುಗ, ಅದರಾಚಿದಕ್ಕ ಹೋದ್ರ ಎಂಟು ವರ್ಷ ಬಿಟ್ಟು ಬರ್ರಿ ಅಂತಾರ. ಆಧಾರ್‌ದಾಗಂತೂ ಕಾಕಾ, ಕಾಕಾನ ತಮ್ಮ, ಬೀಗರು ಎಲ್ಲಾರೂ ಜನವರಿ 1ಕ್ಕೇ ಹುಟ್ಯಾರ, ಅವತ್ತು ನಮ್ಮ ಜಿಲ್ಲಾದಾಗ ಸೂಲಗಿತ್ತಿಯರಿಗಿ ಊಟಕ್ಕ ಭಿ ಪುರಸೊತ್ತು ಇದ್ದಿರಾಕಿಲ್ಲ.

ಇರ್ಲಿ, ವಯಸ್ಸಂತೂ ಆಯ್ತು, ಈಗ ಈ ಮುತ್ಯಾಗ ಊರು ಏನ್ ಕೊಡ್ತದ ಅಂತ ನೋಡೋಣಂತ ನಾ ಕಾಯ್ದೆ ತಗದೆ. 1992ರಾಗ ಸಂವಿಧಾನಕ್ಕ 74ನೇ ತಿದ್ದುಪಡಿ ಮಾಡಿ 12ನೇ ಅನುಸೂಚಿ ಅಂತ ಒಂದು ಪಟ್ಟಿ ಸೇರಿಸ್ಯಾರ, ಊರು ನಡಸೋರಿಗಿ ಯಾವ್ಯಾವ ಕೆಲಸ ಒಪ್ಪಸಬಹುದು ಅಂತ 18 ಬಾಬತ್ತು. 12ನೇದು ಪಾರ್ಕು, ಗಾರ್ಡನ್ನು, ಆಟದ ಮೈದಾನ. 13ನೇದು ಸಂಸ್ಕೃತಿ, ಶಿಕ್ಷಣ, ಸೌಂದರ್ಯ. ಭೇಷ್, ಇದರ ಹಿಂದೇ ಹಿರಿಯರು ಬರ್ತಾರ ಅಂತ ಬೆರಳು ಕೆಳಗ ಸರಿಸಿದ್ರ 14ನೇದು ಸುಡಗಾಡು! ಕರೆಂಟಿನ ಚಿತಾಗಾರ ಸಹಿತ ಬರದಾರ. 15ರಾಗ ದನದ ದೊಡ್ಡಿ, 16ರಾಗ ಜನನ ಮರಣದ ನೋಂದಣಿ. ಅಂದ್ರ ಪಾರ್ಕಿನ್ಯಾಗ ಒಂದು ರೌಂಡ್ ಹೊಡದು, ಒಂದು ಹಾಡು ಕೇಳಿ, ಸೀದಾ ಸುಡಗಾಡಿಗಿ ನಡೀಬೇಕು, ಕಾಗದ ಪತ್ರ ಆಮ್ಯಾಲ ಮನಿಯವರು ನೋಡ್ಕೋತಾರ, ನಡುವ ಕುಂಡ್ರಾಕ ಜಾಗಾನೇ ಇಟ್ಟಿಲ್ಲ. 9ನೇ ಬಾಬತ್ತಿನ್ಯಾಗ ದುರ್ಬಲ ವರ್ಗದವರ ಹಿತ ಕಾಯೋದು ಅಂತ ಒಂದು ಮಾತದ ಖರೆ, ಅದ್ರಾಗ ಮುತ್ಯಾನ್ನ ತುರುಕಬಹುದು, ಆದ್ರ ಅದನ್ನ ಹೋಗಿ ಮುತ್ಯಾಗ ಹೇಳೋರು ಯಾರ್ರಿ, ನೀ ದುರ್ಬಲ ಅಂದ್ರ ಬಡಿಗಿ ತೊಗೊಂಡು ಸುಪರ್ ಮಾರ್ಕೆಟ್ ತನಕಾ ಬೆನ್ನ ಹತ್ತತಾನ.

ಪಾಲಿಕೆದಾಗ 55 ವಾರ್ಡ್ ಅವ, 1976ರ ಕಾಯ್ದೆ ಪ್ರಕಾರ ನಾಲ್ಕು ಸ್ಥಾಯಿ ಸಮಿತಿ ಇರ್ತಾವ, ತೆರಿಗಿ ಹಣಕಾಸಿಂದು ಒಂದು, ಆರೋಗ್ಯ ಶಿಕ್ಷಣ ಸಾಮಾಜಿಕ ನ್ಯಾಯದ್ದು ಒಂದು, ನಗರ ಯೋಜನೆದು ಒಂದು, ಲೆಕ್ಕಪತ್ರದ್ದು ಒಂದು. ಈಗ ಮುತ್ಯಾಗ ಒಂದು ಬೆಂಚ್ ಬೇಕಾಗ್ಯದ ಅಂತ ತಿಳ್ಕೋರಿ, ಅದು ಯಾವ ಸಮಿತಿ? ಬೆಂಚು ಎಲ್ಲಿ ಹಾಕ್ಬೇಕು ಅನ್ನೋದು ಯೋಜನೆ, ಅದರ ಮ್ಯಾಲ ಕುಂತು ಮುತ್ಯಾಗ ಚಕ್ಕರ್ ಬಂದ್ರ ಆರೋಗ್ಯ, ಒಂದೇ ಬೆಂಚಿಗಿ ಎರಡು ಸಲ ಬಿಲ್ ಆಗಿದ್ರ ಲೆಕ್ಕಪತ್ರ, ಮತ್ತ ಬೆಂಚ್ ಯಾಕ ಬಂದಿಲ್ಲ ಅಂತ ಕೇಳಿದ್ರ ಹಣಕಾಸು. ಮನಿ ತೆರಿಗಿ ರಸೀದಿ ಒಮ್ಮೆ ತಿರುವಿ ನೋಡ್ರಿ, ತೆರಿಗಿ ಮ್ಯಾಲ ಗ್ರಂಥಾಲಯ ಕರ 6 ಪರ್ಸೆಂಟ್, ಭಿಕ್ಷುಕರ ಕರ 3 ಪರ್ಸೆಂಟ್ ಸೇರಿರ್ತದ. ಹಿರಿಯರ ಹೆಸರಿನ್ಯಾಗ ಒಂದು ಪೈಸಾ ಇಲ್ಲ. ಓಣ್ಯಾಗ ಒಬ್ಬ ಜಾಣ ಹುಡುಗ ಲೆಕ್ಕಾ ಹಾಕಿ, ಮುತ್ಯಾ ನೀ ಸುಮ್ನ ಭಿಕ್ಷುಕ ಅಂತ ಬರಸು, ಅಲ್ಲಿ ಬಜೆಟ್ ಅದ ಅಂದ. ಮುತ್ಯಾ ಮೂರು ದಿನ ಅವನ ಸಂಗಟ ಮಾತಾಡ್ಲಿಲ್ಲ.

ಮುತ್ಯಾಗ ಹೊತ್ತು ಕಳಿಯಾಕ ಊರಾಗ ಜಾಗಾ ಇಲ್ಲಂತಲ್ಲ, ಭಾಳ ಅವ, ಆದ್ರ ಒಂದೊಂದಕ್ಕ ಒಬ್ಬೊಬ್ಬ ಮಾಲಕ. ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕ ವಾಕಿಂಗ್ ಹೋದ್ರ ಅದು ಯುವ ಸಬಲೀಕರಣದವರ ಸುಪರ್ದಿ, ಹೆಸರಿನ್ಯಾಗೇ ಯುವ ಅಂತದ, ಮುತ್ಯಾ ಮೀಸಿಗಿ ಬಣ್ಣಾ ಹಚ್ಕೊಂಡು ಹೋಗ್ಬೇಕು. ನಾಟಕ ನೋಡ್ಬೇಕಂದ್ರ ಎಸ್.ಎಂ. ಪಂಡಿತ್ ರಂಗಮಂದಿರ, ಅದು ಕನ್ನಡ ಮತ್ತು ಸಂಸ್ಕೃತಿ. ಪೇಪರ್ ಓದಬೇಕಂದ್ರ ಗ್ರಂಥಾಲಯ ಇಲಾಖೆ. ಬಹಮನಿಯವರ ಕೋಟೆಗಿ ಹೋಗಿ 1367ರ ಜಾಮಾ ಮಸೀದಿ ನೆಳ್ಳಿನ್ಯಾಗ ಕುಂತ್ರ ಅದು ದಿಲ್ಲಿ ಪುರಾತತ್ವದವರದು, ಅಲ್ಲಿ ಮುತ್ಯಾ ಭಾಳ ಹೊತ್ತು ಅಲ್ಲಾಡದಂಗ ಕುಂತ್ರ ಬೋರ್ಡ್ ಹಚ್ಚಿ ಹೋಗ್ಯಾರು ಅಂತ ಅಂಜಿಕಿ. ಇವೆಲ್ಲಕ್ಕೂ ಬಸ್ಸಿನ್ಯಾಗ ಹೋಗ್ಬೇಕಂದ್ರ ಸಾರಿಗೆ ಸಂಸ್ಥೆ. ಅಲ್ಲಿ ಇನ್ನೊಂದು ತಮಾಷಿ, 2023ರ ಜೂನ್‌ನಿಂದ ಆಯಿ ರಾಜ್ಯದ ತುಂಬಾ ಪುಕ್ಕಟೆ ತಿರಗ್ತಾಳ, ಮುತ್ಯಾಗ ಮಾತ್ರ 60 ದಾಟೇದ ಅಂತ ಕಾರ್ಡ್ ತೋರಿಸಿದ್ರ 25 ಪರ್ಸೆಂಟ್ ಸೂಟು. ಗಾಣಗಾಪುರಕ್ಕ ಇಬ್ರೂ ಕೂಡೇ ಹೊಂಟ್ರ ಆಯಿ ಆಧಾರ್ ತೋರ್ಸಿ ಕಿಡಕಿ ಬಾಜು ಕುಂತಿರ್ತಾಳ, ಮುತ್ಯಾ ನಿಂತು ಬನಿಯನ್ ಕಿಸೆದಾಗಿಂದ ಪ್ಲಾಸ್ಟಿಕ್ ಚೀಲ, ಚೀಲದಾಗಿಂದ ಕಾರ್ಡ್ ತಗ್ಯಾದ್ರಾಗ ಚೌಡಾಪುರ ಬಂದಿರ್ತದ. ನಿನಗಿಂತ ನಾ ಹಿರಿಯಾ ಅಂತ ಜೀವಮಾನ ಪೂರಾ ಜೋರು ಮಾಡಿದ ಮನುಷ್ಯಾ.

ಇಷ್ಟು ಇಲಾಖೆ ಬ್ಯಾಡಪ್ಪಾ, ಮನಿ ಬಾಜು ಪಾರ್ಕ್ ಅದಲ್ಲ, ಅಲ್ಲೇ ಹೋಗ್ರಿ ಅಂತೀರೇನು? ನಮ್ಮ ಬಡಾವಣಿ ಪಾರ್ಕಿನ ಕತಿ ಕೇಳ್ರಿ. ಲೇಔಟ್ ಮಾಡ್ದಾಗ ನಕಾಶಿದಾಗ ಹಸರು ಬಣ್ಣಾ ಹಚ್ಚಿದ್ರು, ಭಾಳ ವರ್ಷ ಆ ಹಸರು ನಕಾಶಿದಾಗೇ ಇತ್ತು, ನೆಲದ ಮ್ಯಾಲ ಜಾಲಿ ಇತ್ತು (ಅದೂ ಹಸರೇ ಬಿಡ್ರಿ). ಲೇಔಟ್ ಮಾಡಿದವರು ನಾವು ಒಪ್ಪಿಸೀವಿ ಅಂತಾರ, ಇನ್ನೊಂದು ಕಚೇರಿಯವರು ನಮಗ ಹಸ್ತಾಂತರ ಆಗಿಲ್ಲ ಅಂತಾರ, ಈ ಒಪ್ಪಿಸೋದು ಒಪ್ಪಿಸ್ಕೊಳ್ಳೋದರಾಗ ಯಾರದೋ ಎಮ್ಮಿ ಮಾತ್ರ ಪಾರ್ಕಿನ ಸ್ವಾಧೀನ ತೊಗೊಂಡು ಬರೋಬ್ಬರಿ ನಡಸ್ಕೊಂಡು ಹೊಂಟಿತ್ತು. ಉದ್ಯಾನ, ಆಟದ ಮೈದಾನ, ಬಯಲು ಜಾಗಾ ಉಳಸಾಕ ಅಂತ ನಮ್ಮ ರಾಜ್ಯದಾಗ 1985ರಾಗೇ ಒಂದು ಖಾಸ ಕಾಯ್ದೆ ಬಂದದ್ರಿ, ಇನ್ನೊಂದು 20 ವರ್ಷ ತಡದ್ರ ಆ ಕಾಯ್ದೆಗೇ ಹಿರಿಯ ನಾಗರಿಕರ ಕಾರ್ಡ್ ಮಾಡಸಬಹುದು.

ಕಡಿಗಿ ಪಾರ್ಕ್ ಆಯ್ತು. ಆದದ್ದು ಹೆಂಗ ಅಂದ್ರ, ಮದಲ ಕಮಾನು ಬಂತು. ಆಮ್ಯಾಲ ಗ್ರಿಲ್, ಗೇಟ್, ಗೇಟಿಗಿ ಕೀಲಿ. ಒಳಗ ಪೇವರ್ ಬ್ಲಾಕು, ಬಂದಿದ್ದ ಎರಡು ಬೇವಿನ ಗಿಡ ಪೇವರ್ ಲೈನಿಗಿ ಅಡ್ಡ ಬರ್ತಾವಂತ ತಗದ್ರು, ಆ ಜಾಗಾದಾಗ ಕುಂಡ್ಯಾಗ ಬೆಳೆಯೋವು ಏನೋ ಮೊಣಕಾಲೆತ್ತರದ ಗಿಡ ಇಟ್ರು, ಅದರ ನೆಳ್ಳಿನ್ಯಾಗ ಇರಿವಿ ಆರಾಮ ಕುಂಡ್ರಬಹುದು. ಸಿಮೆಂಟ್ ಬೆಂಚ್ ನಾಲ್ಕು, ಬೆನ್ನು ಹಚ್ಚೋ ಕಡಿ ಯಾರ ಅನುದಾನ, ಯಾರ ಅಧ್ಯಕ್ಷತೆ, ಯಾರ ಘನ ಉಪಸ್ಥಿತಿ ಅಂತ ಉಬ್ಬು ಅಕ್ಷರದಾಗ ಕೆತ್ಯಾರ, ಅರ್ಧಾ ತಾಸು ಒರಗಿ ಕುಂತೆದ್ರ ಮುತ್ಯಾನ ಬೆನ್ನ ಮ್ಯಾಲ ಉಲ್ಟಾ ಹೆಸರು ಮೂಡಿರ್ತದ. ಮತ್ತ ಓಪನ್ ಜಿಮ್. ಕಬ್ಬಿಣದ್ದು, ಪೂರಾ ಓಪನ್, ಮ್ಯಾಲ ತಗಡು ಭಿ ಇಲ್ಲ. ಏಪ್ರಿಲ್ ಮೇ ದಾಗ ನಮ್ಮಲ್ಲಿ ಬಿಸಲು 42, 43 ಡಿಗ್ರಿ ಅನ್ನೋದು ಸುದ್ದಿನೇ ಅಲ್ಲ, ಆ ಹೊತ್ತಿನ್ಯಾಗ ಆ ಸೀಟು ರೊಟ್ಟಿ ಹಂಚು ಆಗಿರ್ತದ, ಕುಂತವ ಬರೇ ಒಂದ್ಸಲ ಕುಂಡ್ರತಾನ.

ಗೇಟಿನ ಮ್ಯಾಲ ಬೋರ್ಡ್: ಬೆಳಗ್ಗೆ 5 ರಿಂದ 9, ಸಂಜೆ 4 ರಿಂದ 8. ಇಲ್ಲೇ ನೋಡ್ರಿ ಸರ್ಕಾರದ ಕರುಣಾ ಎಲ್ಲಿ ತನಕಾ ಹರೀತದ ಅಂತ. ಬ್ಯಾಸಗಿ ಬಂತಂದ್ರ ಏಪ್ರಿಲ್ ಮೇ ಎರಡು ತಿಂಗಳು ಕಲಬುರಗಿ ವಿಭಾಗಕ್ಕ ಆದೇಶ ಬರ್ತದ, ಆಫೀಸ್ ಟೈಮು ಬೆಳಗ್ಗೆ 8 ರಿಂದ ಮಧ್ಯಾಹ್ನ 1:30, ಯಾಕಂದ್ರ ಬಿಸಲು, ಪಾಪ ನೌಕರರಿಗಿ ತ್ರಾಸ ಆಗ್ತದ. ಆಗಲಿ, ಬ್ಯಾಡ ಅನ್ನಂಗಿಲ್ಲ, ಖರೇ ಬಿಸಲದ. ಆದ್ರ ಅದೇ ಬಿಸಲು ಪಾರ್ಕಿನ ಬೋರ್ಡಿಗಿ ತಟ್ಟೇ ಇಲ್ಲ. 35 ವರ್ಷದ ಗುಮಾಸ್ತ ದೀಡಕ್ಕ ಮನಿಗಿ ಹೋಗಿ ಕೂಲರ್ ಹಚ್ಕೊಂಡು ಮಕ್ಕೋತಾನ, 75 ವರ್ಷದ ಮುತ್ಯಾಗ ನಾಲ್ಕಕ್ಕ ಬಾ ಅಂತ ಗೇಟ್ ತಗಿತಾರ. ತಗದ್ರ ಆಯ್ತು ಅನ್ರಿ. ವಾಚ್‌ಮನ್ ಔಟ್‌ಸೋರ್ಸ್ ಮ್ಯಾಲ ಇದ್ದ, ಗುತ್ತಿಗಿ ಮುಗೀತು, ಹೊಸಾ ಟೆಂಡರ್ ಆಗಿಲ್ಲ, ಚಾಬಿ ಅವನ ಬಲ್ಲಿ ಉಳದದ, ಅವ ಪಗಾರ ಕೊಟ್ರ ಚಾಬಿ ಕೊಡ್ತೀನಿ ಅಂತಾನ. ನ್ಯಾಯವಾಗೇ ಅದ ಅವನ ಮಾತು. ಈಗ ಸಣ್ಣ ಹುಡುಗ್ರು ಗ್ರಿಲ್ ಹತ್ತಿ ಜಿಗದು ಓಪನ್ ಜಿಮ್ ಮುರೀಲತ್ತಾರ, ಮುತ್ಯಾಗಳು ಹೊರಗ ನಿಂತು ಮುರಿಯೋದು ನೋಡ್ಲತ್ತಾರ, ಮನರಂಜನೆ ಅಂದ್ರ ಇಷ್ಟೇ ಸದ್ಯಕ್ಕ.

ಹಿರಿಯರನ್ನ ಯಾರೂ ನೆನಸಂಗಿಲ್ಲ ಅಂದ್ರ ಪಾಪ ಬರ್ತದ, ಅಕ್ಟೋಬರ್ 1 ಇರ್ತದಲ್ಲ. ವಿಶ್ವಸಂಸ್ಥೆಯವರು 1990ರಾಗ ನಿಗದಿ ಮಾಡಿದ ದಿನ. ಇಂಥಾ ಕಾರ್ಯಕ್ರಮದ ಪತ್ರಿಕೆದಾಗ 10:30 ಅಂತಿರ್ತದ, ಮುತ್ಯಾಗಳು ಸರ್ಕಾರ ಹೇಳ್ಯದಂತ 9ಕ್ಕೇ ಬಂದು ಕುಂತಿರ್ತಾರ, ಉದ್ಘಾಟಕರು ಇನ್ನಾ ಇನ್ನೊಂದು ಉದ್ಘಾಟನೆದಾಗ ಇರ್ತಾರ. ಕಾಯೋ ಹೊತ್ತಿನ್ಯಾಗ ಆಟ. ನಡಿಗಿ ಸ್ಪರ್ಧಾ, ಬಕೆಟ್ಟಿನ್ಯಾಗ ಬಾಲ್ ಒಗಿಯೋದು, 60 ದಾಟಿದವರಿಗಿ ಬ್ಯಾರೆ, 70ಕ್ಕ ಬ್ಯಾರೆ, 80ಕ್ಕ ಬ್ಯಾರೆ. ನಾ ನೋಡಿದ ಒಂದು ಕಾರ್ಯಕ್ರಮದಾಗ ಸಂಗೀತ ಖುರ್ಚಿ ಇಟ್ಟಿದ್ರು. ಮಂಡಿ ನೋವಿನ ಹತ್ತು ಮಂದಿ ಒಂಬತ್ತು ಪ್ಲಾಸ್ಟಿಕ್ ಖುರ್ಚಿ ಸುತ್ತ ತಿರಗ್ಬೇಕು, ಹಾಡು ನಿಂತ ಕೂಡ್ಲೇ ಧಡಕ್ಕನ ಕುಂಡ್ರಬೇಕು. ಒಬ್ರು ಮುತ್ಯಾ ಒಂದು ಖುರ್ಚಿ ಸಿಕ್ಕಿದ್ದೇ ತಡ, ಹಾಡು ಮತ್ತ ಶುರು ಆದ್ರೂ ಏಳ್ಲೇ ಇಲ್ಲ. ನಿರೂಪಕಿ ಮೈಕಿನ್ಯಾಗ, ಮುತ್ಯಾ ಏಳ್ರಿ, ಆಟ ಇನ್ನಾ ಮುಗದಿಲ್ಲ ಅಂದ್ಳು. ಮುತ್ಯಾ ಬಡಿಗಿಲೇ ಸ್ಟೇಜ್ ಕಡಿ ತೋರ್ಸಿ, ಅವರು ಎದ್ರ ನಾನೂ ಏಳ್ತೀನಿ ಅಂದ. ಸ್ಟೇಜ್ ಮ್ಯಾಲ ಬಿಳಿ ಬಟ್ಟಿ ಹೊದಿಸಿದ ಹದಿನಾಲ್ಕು ಖುರ್ಚಿ, ಅದರ ಮುಂದ ಕೂಲರು.

ಆಮ್ಯಾಲ ಭಾಷಣ. ಹಿರಿಯರು ನಮ್ಮ ಆಸ್ತಿ ಅಂದ್ರು (ಆಸ್ತಿ ಅಂದ ಕೂಡ್ಲೇ ಹಿಂದ ಕುಂತ ಇಬ್ರು ಮಕ್ಕಳು ಒಬ್ರಮುಖಾ ಒಬ್ರು ನೋಡಿದ್ರು). ಹಿರಿಯರ ಮಾತು ತಾಳ್ಮಿಯಿಂದ ಕೇಳಬೇಕು ಅಂತ ಒಬ್ರು ಮುಕ್ಕಾಲು ತಾಸು ಮಾತಾಡಿದ್ರು, ಹಿರಿಯರು ತಾಳ್ಮಿಯಿಂದ ಕೇಳಿದ್ರು. ಶಾಲು ಹೊದಿಸಿದ್ರು, ಉಣ್ಣಿದು, ಆ ಸೆಕಿದಾಗ. ಊಟದ ಹೊತ್ತಿಗಿ ಕೂಪನ್ ಅಂತ ಗೊತ್ತಾಯ್ತು, ಕೂಪನ್ ಯಾರ ಬಲ್ಲಿ ಅವ ಅಂತ ಗೊತ್ತಾಗ್ಲಿಲ್ಲ.

ಸಂಸ್ಕೃತಿ ವಿಷಯ ಬಂದ್ರ ನನಗ ನಗಿಗಿಂತ ಸಿಟ್ಟೇ ಜಾಸ್ತಿ ಬರ್ತದ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನವರ ನಾಡು ಇದು, ಒಂದು ಕಡಿ ತತ್ವಪದ, ಒಂದು ಕಡಿ ಮೊಹರಂ ಪದ, ಅಮಾಸಿಗೊಮ್ಮೆ ಮಠದಾಗ ಕುಂತು ಬೆಳ್ಳಬೆಳತನ ಹಾಡೋ ಮುತ್ಯಾಗಳು ಒಂದೊಂದು ಊರಾಗ ಈಗ್ಲೂ ಅದಾರ. ಅಂಥವರೊಬ್ರಿಗಿ ಮಾಸಾಶನದ ಅರ್ಜಿ ತುಂಬಸಾಕ ಓಣಿ ಹುಡುಗ್ರು ಕುಂತಿದ್ರು. ಕಲಾಸೇವಾ ಮಾಡಿದ್ದಕ್ಕ ದಾಖಲಿ, ಫೋಟೋ, ಪ್ರಮಾಣಪತ್ರ, ಪೇಪರ್ ಕಟಿಂಗ್. ಮುತ್ಯಾ ಹೇಳ್ತಾನ, ತಮ್ಮಾ ನಾವು ಹಾಡೋದು ಕಂದೀಲು ಬೆಳಕಿನ್ಯಾಗ, ಕೇಳೋರು ಕಣ್ಣು ಮುಚ್ಕೊಂಡಿರ್ತಾರ, ಫೋಟೋ ಯಾರು ಹೊಡಿಬೇಕು. ಕಡಿಗಿ ಹುಡುಗ್ರು ಮುತ್ಯಾನ ಕೈಯಾಗ ತಂಬೂರಿ ಕೊಟ್ಟು, ಹಿಂದ ಯಾರದೋ ಮದಿವಿ ಪರದಾ ಕಟ್ಟಿ ಫೋಟೋ ತಗದ್ರು, ಪರದಾದ ಮ್ಯಾಲ ಶುಭ ವಿವಾಹ ಅಂತಿತ್ತು. ಹಾಡು ಕೇಳಿ ನೋಡ್ರಿ ಅಂತ ಒಂದು ಕಲಂ ಅರ್ಜಿದಾಗ ಇದ್ರ ಮುತ್ಯಾ ಎರಡು ನಿಮಿಷದಾಗ ಪಾಸ್ ಆಗ್ತಿದ್ದ.

ಹಂಗಾದ್ರ ಊರಿನ ಮುದುಕ್ರು ಎಲ್ಲಿ ಅದಾರ ಅಂತೀರಿ? ಪಾರ್ಕಿನ ಗೇಟಿನಿಂದ ಒಂದು ನೂರು ಹೆಜ್ಜಿ ಮುಂದ, ಹಣಮಂತದೇವರ ಗುಡಿ ಮುಂದಿನ ಕಟ್ಟಿ ಮ್ಯಾಲ, ಬೇವಿನ ಗಿಡದ ಬುಡಕ. ಮಗ್ಗಲಿಗಿ ಚಾದ ಹೋಟೆಲ್, ಕಟಿಂಗ್ ಅಂಗಡಿ, ಒಂದು ಪೇಪರ್ ಹದಿನೈದು ಮಂದಿ ಓದ್ತಾರ, ಚೌಕಾಬಾರಾ ಮನಿ ಕಲ್ಲಿನ ಮ್ಯಾಲ ಎಂದೋ ಕೊರದದ್ದು. ಸುದ್ದಿ, ಜಗಳ, ತೊಗರಿ ರೇಟು, ಯಾರ ಬೀಪಿ ಎಷ್ಟು, ಯಾರ ಸೊಸಿ ಬಂಗಾರದಂಥಾಕಿ, ಯಾರ ಮಗ ಬೆಂಗಳೂರಿಂದ ಫೋನ್ ಹಚ್ಚಿಲ್ಲ, ಎಲ್ಲಾ ಅಲ್ಲೇ. ಒಬ್ಬ ಮುತ್ಯಾ ಎರಡು ದಿನ ಬರ್ಲಿಲ್ಲಂದ್ರ ಮೂರನೇ ದಿನ ಇಬ್ರು ಅವನ ಮನಿಗಿ ಹೋಗಿ ಬಾಗಲಾ ಬಡೀತಾರ. ಗೇಟಿಲ್ಲ, ಟೈಮಿಲ್ಲ, ಅಧ್ಯಕ್ಷತೆ ಇಲ್ಲ.

ಇದು ಯಾರೋ ಪುಣ್ಯಾತ್ಮರ ಕಣ್ಣಿಗಿ ಬಿತ್ತು. ಹಿರಿಯರ ವಿಶ್ರಾಂತಿ ತಾಣ ಅಂತ ಪ್ರಸ್ತಾವನೆ ಆಗ್ಯದಂತ. ಗ್ರಾನೈಟ್ ಹಾಸು, ಸುತ್ತ ಸ್ಟೀಲ್ ರೇಲಿಂಗು, ಮುಂದ ಕಮಾನು, ಕಮಾನಿನ ಮ್ಯಾಲ ಎಲ್ಇಡಿ. ಹೋದ ವಾರ ಮಟಮಟ ಮಧ್ಯಾಹ್ನದಾಗ ಇಬ್ರು ಬಂದ್ರು, ಒಬ್ಬನ ಕೈಯಾಗ ಟೇಪು, ಇನ್ನೊಬ್ಬನ ಕೈಯಾಗ ಸುಣ್ಣದ ಪುಡಿ. ಬೇವಿನ ಗಿಡಕ್ಕ ಒಂದು ಬಿಳಿ ಗೆರಿ ಎಳದ್ರು. ಆಮ್ಯಾಲ ಕಟ್ಟಿ ಮ್ಯಾಲ ಕುಂತವರಿಗಿ ಭಾಳ ಮರ್ಯಾದಿಲೇ ಅಂದ್ರು:

"ಜರಾ ಎದ್ದು ಆಕಡಿ ಬಿಸಲಾಗ ನಿಂದರ್ರಿ ಮುತ್ಯಾ, ನಿಮ್ಮ ಸಲುವಾಗೇ ಅಳತಿ ತೊಗೊಳ್ಲತ್ತೀವಿ."