‘ಮನೇಲೇ ಅವ್ರೆ’ ಅನ್ನಿಸಿಕೊಂಡವರ ಲೆಕ್ಕ

ಮಂಡ್ಯ ಸೀಮೆಯ ಯಾವುದಾದರೂ ಹಳ್ಳಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ, ಜಗಲಿ ಮೇಲೆ ಕೂತ ಯಜಮಾನರನ್ನ ‘ನಿಮ್ಮನೆಯವ್ರು ಏನ್ ಕೆಲಸ ಮಾಡ್ತಾರೆ?’ ಅಂತ ಕೇಳಿ. ‘ಏನಿಲ್ಲ, ಮನೇಲೇ ಅವ್ರೆ’ ಅಂತಾರೆ. ಅಷ್ಟೊತ್ತಿಗೆ ಆಯಮ್ಮ ಎರಡು ಹಸುವಿನ ಸಗಣಿ ಬಾಚಿ, ಬೂಸಾ ಕಲಸಿಟ್ಟು, ಹಾಲು ಕರೆದು, ಡೇರಿಗೆ ಹಾಕಿ ಬಂದು, ಹುಲ್ಲು ಕುಯ್ಯೋಕೆ ಕುಡುಗೋಲು ಹಿಡಿದು ಗದ್ದೆ ಕಡೆ ಹೋಗಿರ್ತಾರೆ.

ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್) ಮಾಡುವವರು ಆ ‘ಏನಿಲ್ಲ’ವನ್ನ ಹಾಗೇ ಬರೆದುಕೊಂಡರೆ ಬೀಳೋದು ಕೋಡ್ 92, ಅಂದರೆ ಬರೀ ಮನೆಗೆಲಸ. ಮನೆಗೆಲಸದ ಜೊತೆಗೆ ಪುಕ್ಕಟೆ ಸೌದೆ, ಸೊಪ್ಪು, ದನದ ಮೇವು ತರ್ತಾರೆ ಅಂದರೆ 93. ಎರಡೂ ಕಾರ್ಮಿಕ ಬಲದಿಂದ, ಅಂದರೆ ದುಡಿಯೋರು, ಕೆಲಸ ಹುಡುಕೋರು ಅನ್ನೋ ಲೆಕ್ಕದಿಂದ ಹೊರಗೆ. ಹಾಲು ಮಾರಾಟಕ್ಕೆ ಹೋಗ್ತದೆ, ಆ ಕೆಲಸ ಈಕೆಯದು ಅಂತ ಇನ್ನೊಂದು ಪ್ರಶ್ನೆ ಕೇಳಿ ತಿಳಿದುಕೊಂಡರೆ 21: ಮನೆಯ ಉದ್ಯಮದಲ್ಲಿ ಸಂಬಳವಿಲ್ಲದ ಸಹಾಯಕಿ. ಹಸು ಸಾಕೋ ಯಜಮಾನಿಕೆಯೇ ಈಕೆಯದು ಅಂತಾದರೆ 11, ಸ್ವಂತ ಉದ್ಯೋಗಿ. ಹೆಂಗಸು ಅದೇ, ಹಸುವೂ ಅದೇ. ಕೇಳಿದ ರೀತಿಯ ಮೇಲೆ ನಾಲ್ಕು ಬೇರೆ ಉತ್ತರ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಹಳೇ ಜನಗಣತಿ ಕಡತ ಕೆದಕಿದಾಗಲೂ ಸಿಕ್ಕಿದ್ದು ಇದೇ. ಉದ್ಯೋಗದ ಕಾಲಮ್ಮಿನಲ್ಲಿ ‘ಹೆಂಡತಿ’ ಅಂತ ಬರೆದು ಮುಗಿಸಿದ್ದರು. ಹೊಲದಲ್ಲಿ, ಮನೆಯೊಳಗಿನ ಕಸುಬಿನಲ್ಲಿ ದುಡಿದದ್ದನ್ನ ಸೇರಿಸಿ ಲೆಕ್ಕ ಹಾಕಿದರೆ 1890ರ ದಶಕದ ಕೊನೆಗೆ ದುಡೀತಿದ್ದ ಮದುವೆಯಾದ ಹೆಂಗಸರ ಪ್ರಮಾಣ ಗಣತಿ ಹೇಳಿದ್ದರ ಹತ್ತಿರ ಹತ್ತಿರ ಮೂರು ಪಟ್ಟು.

ಈಗ ನಮ್ಮ ಅಂಕಿಗೆ ಬನ್ನಿ. ದೇಶದಲ್ಲಿ 15 ತುಂಬಿದ ಹೆಂಗಸರ ಕಾರ್ಮಿಕ ಭಾಗವಹಿಸುವಿಕೆ, ಅಂದರೆ ಅವರಲ್ಲಿ ಕಾರ್ಮಿಕ ಬಲದೊಳಗೆ ಇರೋರ ಪಾಲು, 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಯ್ತು. ವಾಟ್ಸಾಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಒಳಗಿನ ಕೋಷ್ಟಕ ತೆಗೆದು ನೋಡಿ: ದುಡಿಯುವ ಹೆಂಗಸರಲ್ಲಿ ತಿಂಗಳ ಸಂಬಳದವರ ಪಾಲು ಶೇ. 21ರಿಂದ 15.9ಕ್ಕೆ ಇಳಿದಿದೆ. ಸಂಬಳವಿಲ್ಲದ ಸಹಾಯಕಿಯರ ಪಾಲು 31.7ರಿಂದ 36.7ಕ್ಕೆ ಏರಿದೆ. ಕೆಲಸಕ್ಕೆ ಲೆಕ್ಕ ಸಿಕ್ಕಿದ್ದು ಒಳ್ಳೇದೇ. ಆದರೆ ಅದನ್ನ ‘ಕೆಲಸ ಸಿಕ್ತು’ ಅಂತ ಓದೋದು ತಪ್ಪು.

ಇನ್ನೊಂದು ಎಡವಟ್ಟು ಕಾಲದ್ದು. ವರ್ಷದ ಲೆಕ್ಕದಲ್ಲಿ, ಮನೆಗೆಲಸವೇ ಮುಖ್ಯ ಅಂದವರೂ 365 ದಿನದಲ್ಲಿ 30 ದಿನ ಬೇರೆ ದುಡಿಮೆ ಮಾಡಿದ್ದರೆ ಸಾಕು, ಒಳಗೆ ಬರ್ತಾರೆ. ನಾಟಿಗೆ 12 ದಿನ, ಕಳೆಗೆ 10, ಕೊಯ್ಲಿಗೆ 9 ಅಂದರೆ 31, ಆಕೆ ಕಾರ್ಮಿಕಳು. ನಾಲೆ ನೀರು ತಡವಾಗಿ ಕಳೆಯ ಮೂರು ದಿನ ತಪ್ಪಿದರೆ 28, ಆಕೆ ಗೃಹಿಣಿ. 2025ರಿಂದ ಬರ್ತಿರೋ ಮಾಸಿಕ ಅಂಕಿಯದು ಬೇರೆ ಅಳತೆ: ಹಿಂದಿನ ಏಳು ದಿನದಲ್ಲಿ ಒಂದು ಗಂಟೆಯಾದರೂ ದುಡಿದಿರಬೇಕು, ಇಲ್ಲಾ ಕೆಲಸ ಹುಡುಕಿರಬೇಕು. 2025ರ ಏಪ್ರಿಲ್‌ನಲ್ಲಿ ಅದು ಶೇ. 34.2. ಇದನ್ನ 41.7ರ ಪಕ್ಕ ಇಟ್ಟು ‘ಕುಸೀತು’ ಅಂತ ಬರೆದರೆ ಸೇರಿನಲ್ಲಿ ಅಳೆದ ರಾಗಿಯನ್ನ ಕೆಜಿಯ ಜೊತೆ ಹೋಲಿಸಿದಂಗೆ.

ಗಂಡಾಳು, ಹೆಣ್ಣಾಳಿನ ಕೂಲಿ ಅಂತರದ ವಿಷಯ ಇದಕ್ಕಿಂತ ಜಟಿಲ. ಸಮಾನ ವೇತನ ಕಾಯ್ದೆ 1976ರಲ್ಲೇ ಬಂತು, 2025ರ ನವೆಂಬರ್‌ವರೆಗೂ ಇತ್ತು, ಆದರೆ ಅದು ಹೇಳಿದ್ದು ಒಂದೇ ಕೆಲಸ ಅಥವಾ ಒಂದೇ ಬಗೆಯ ಕೆಲಸಕ್ಕೆ. ನಮ್ಮ ಗದ್ದೆಯಲ್ಲಿ ಕೆಲಸವೇ ಹೋಳಾಗಿದೆ: ನಾಟಿ, ಕಳೆ ಹೆಣ್ಣಾಳಿಗೆ, ಉಳುಮೆ, ಬದು ಕಡಿಯೋದು, ಔಷಧಿ ಹೊಡೆಯೋದು ಗಂಡಾಳಿಗೆ. ಹೋಲಿಸೋಕೆ ಒಂದೇ ಕೆಲಸ ಮಾಡೋ ಇಬ್ಬರು ಸಿಗದಿದ್ದಾಗ ಅಂಥ ಕಾಯ್ದೆ ಎಲ್ಲಿ ಹಿಡೀತದೆ? ಬಗ್ಗಿ ದಿನವಿಡೀ ಪೈರು ನೆಡೋದು ‘ಹಗುರದ ಕೆಲಸ’ ಅಂತ ಯಾರು ತೀರ್ಮಾನಿಸಿದರೋ ಅವರು ಒಂದು ಸಾಲು ನೆಟ್ಟು ನೋಡಲಿ. ಮುಯ್ಯಾಳಿಗೆ (ಕಾಸಿಲ್ಲದೆ, ಆಳಿಗೆ ಬದಲು ಆಳು ಅಂತ) ಹೋದವರದು ಇನ್ನೊಂದು ಕತೆ. ‘ಕೂಲಿಗೆ ಹೋಗಿದ್ರಾ?’ ಅಂದರೆ ಇಲ್ಲ ಅಂತಾರೆ. ಸುಳ್ಳೇನಲ್ಲ, ಕೈಗೆ ಕಾಸು ಬಂದಿಲ್ಲವಲ್ಲ.

2019ರ ಸಮಯ ಬಳಕೆ ಸಮೀಕ್ಷೆಯಲ್ಲೂ ಇಂಥದ್ದೇ ಒಂದು ಕೊಕ್ಕೆ ಇದೆ. ಮನೆಗೆಲಸಕ್ಕೆ ದಿನಕ್ಕೆ ಹೆಂಗಸರದು 299 ನಿಮಿಷ, ಗಂಡಸರದು 97 ಅಂತ ಎಲ್ಲ ಕಡೆ ಅಚ್ಚಾಯ್ತು. ಅದು ಆ ಕೆಲಸ ಮಾಡಿದವರ ಸರಾಸರಿ. ಮಾಡಿದ ಗಂಡಸರೇ ಶೇ. 26.1. ಕೈ ಹಾಕದವರನ್ನೂ ಸೇರಿಸಿದರೆ ಹೆಂಗಸರಿಗೆ 243 ನಿಮಿಷ, ಗಂಡಸರಿಗೆ 25.

ಇನ್ನು ‘ಗೃಹಲಕ್ಷ್ಮಿ ದುಡ್ಡು ಬಂದ್ಮೇಲೆ ಹೆಣ್ಣಾಳೇ ಸಿಗ್ತಿಲ್ಲ’ ಅನ್ನೋ ಟೀ ಅಂಗಡಿ ವಾದ. ಯೋಜನೆ ಮೈಸೂರಿನಲ್ಲಿ ಚಾಲೂ ಆಗಿದ್ದು 2023ರ ಆಗಸ್ಟ್ 30ಕ್ಕೆ. ತಿಂಗಳಿಗೆ 2,000, ದಿನಕ್ಕೆ 67 ರೂಪಾಯಿ ಹತ್ತಿರ. ಅಷ್ಟಕ್ಕೆ ಒಬ್ಬರು ಕೂಲಿ ಬಿಡ್ತಾರೆ ಅಂದರೆ ಆ ಕೂಲಿ ಎಷ್ಟಿತ್ತು ಅಂತ ಮೊದಲು ಹೇಳಿ. ಅದೇ ವರ್ಷ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ನಾಟಿಯೇ ಕಮ್ಮಿಯಾದರೆ ಕೂಲಿ ದಿನಗಳೂ ಕಮ್ಮಿ. ಎರಡನ್ನೂ ಬಿಡಿಸದೆ ತೀರ್ಪು ಕೊಡೋಕಾಗಲ್ಲ. ಬಿಡಿಸಬೇಕಾದರೆ ಯೋಜನೆಗೆ ಮುಂಚಿನ, ಆಮೇಲಿನ ಕೂಲಿ ದರ ಮತ್ತು ದಿನಗಳು ಬೇಕು, ಅದೂ ನಾಲೆ ಬಯಲು, ಮಳೆ ನಂಬಿದ ನಾಗಮಂಗಲದ ಕಡೆ, ಎರಡು ಕಡೆಯದೂ.

ಹಳ್ಳಿಗೆ ಸರ್ವೆಗೆ ಹೊರಟಿರೋ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಹುಡುಗ ಹುಡುಗಿಯರಿಗೆ: ಉತ್ತರ ಆಯಮ್ಮನ ಬಾಯಿಂದಲೇ ಬರಲಿ, ಯಜಮಾನರಿಂದಲ್ಲ, ಅತ್ತೆಯಿಂದಲೂ ಅಲ್ಲ. ‘ಕೆಲಸ’ ಅನ್ನೋ ಪದ ಬಿಡಿ, ಅದು ನೌಕರಿ ಅಂತ ಕೇಳಿಸ್ತದೆ. ನಾಟಿ, ಕಳೆ, ಕೊಯ್ಲು, ಹಸು, ರೇಷ್ಮೆ ಅಂತ ಒಂದೊಂದಾಗಿ ದಿನ ಎಣಿಸಿ. ಡೇರಿ ಪಾಸ್‌ಬುಕ್ ಗಂಡನ ಹೆಸರಲ್ಲಿದೆ ಅಂತ 21 ಗೀಚಿಬಿಡಬೇಡಿ. ಹಸು ಮಾರೋದು, ಕರು ಉಳಿಸಿಕೊಳ್ಳೋದು ಯಾರ ಮಾತಿನ ಮೇಲೆ, ಬಟವಾಡೆ ದುಡ್ಡು ಯಾರ ಕೈಗೆ ಅಂತ ಕೇಳಿ, ಆಮೇಲೆ ಪೆನ್ನು ಇಳಿಸಿ.