ಓಕೆ ಅಂದ್ರೆ ಕೇಳಿಸ್ತು ಅಂತಾನಾ, ಒಪ್ಪಿದೆ ಅಂತಾನಾ?

ಪುಣೆಯ ನಮ್ಮ ಆಫೀಸಿನ ಮೆಸೇಜುಗಳಲ್ಲಿ ಯಾರೂ ಪೂರ್ತಿ ‘ಓಕೆ’ ಬರೆಯುವುದಿಲ್ಲ. ಬರೀ ‘ಕೆ’. ರಜೆ ಕೇಳಿದರೂ ಕೆ, ಕೆಲಸ ಮುಗಿಯಿತು ಎಂದರೂ ಕೆ. ಯಾರಿಗೂ ಬೇಜಾರಿಲ್ಲ. ಅದೇ ಒಂದಕ್ಷರವನ್ನು ಕಲಬುರಗಿಯ ಕಾಕಾನಿಗೆ ಕಳಿಸಿದರೆ ಕೂಡಲೇ ಫೋನ್ ಬರುತ್ತದೆ: “ಯಾಕಪಾ, ಸಿಟ್ಟ ಬಂದದೇನು?” ನನಗೆ ಕಾಕಾ ಹೇಳುವುದೇ ಸರಿ ಅನಿಸುತ್ತದೆ.

 

ಓಕೆ ಹುಟ್ಟಿದ್ದೇ ಪತ್ರಿಕೆಯವರ ತಮಾಷೆಯಿಂದ. 1830ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಬೇಕಂತಲೇ ಸ್ಪೆಲಿಂಗ್ ಕೆಡಿಸಿ, ಮೊದಲಕ್ಷರಗಳನ್ನಷ್ಟೇ ಬರೆಯುವ ಗೀಳಿತ್ತು. ‘ಆಲ್ ಕರೆಕ್ಟ್’ ಎನ್ನುವುದು ‘ಓಲ್ ಕೊರೆಕ್ಟ್’ ಆಗಿ, 1839ರ ಮಾರ್ಚ್ 23ರಂದು ಬಾಸ್ಟನ್ ಮಾರ್ನಿಂಗ್ ಪೋಸ್ಟ್‌ನಲ್ಲಿ ಓಕೆ ಎಂದು ಅಚ್ಚಾಯಿತು. ಮರುವರ್ಷ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಚುನಾವಣೆಗೆ ನಿಂತರು. ಅವರ ಊರು ಕಿಂಡರ್‌ಹುಕ್. ಬೆಂಬಲಿಗರು ಓಕೆಗೆ ‘ಓಲ್ಡ್ ಕಿಂಡರ್‌ಹುಕ್’ ಎಂಬ ಹೊಸ ಅರ್ಥ ಕೊಟ್ಟರು. ವ್ಯಾನ್ ಬ್ಯೂರೆನ್ ಸೋತರು, ಓಕೆ ಉಳಿಯಿತು. ಇದು ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಬುಡಕಟ್ಟಿನ ಮಾತು ಅನ್ನುವವರೂ ಇದ್ದಾರೆ. ಆದರೆ 1960ರ ದಶಕದಲ್ಲಿ ಭಾಷಾ ವಿದ್ವಾಂಸ ಅಲೆನ್ ವಾಕರ್ ರೀಡ್ ಹಳೆಯ ಪತ್ರಿಕೆಗಳನ್ನು ಹುಡುಕಿ ತೋರಿಸಿದ ಮೇಲೆ ಬಾಸ್ಟನ್ ಕಥೆಯೇ ಗಟ್ಟಿಯಾಯಿತು.

ನಮ್ಮ ಕಲಬುರಗಿಯಲ್ಲಿ ಓಕೆ ಮಾಡುವ ಕೆಲಸಕ್ಕೆ ಬೇರೆ ಬೇರೆ ಮಾತುಗಳಿವೆ. ‘ಹಾಂ ರೀ’ ಅಂದರೆ ಕೇಳಿಸ್ತು, ಅಷ್ಟೇ. ‘ನಡೀತದ’ ಅಂದರೆ ಅಷ್ಟೇನೂ ಇಷ್ಟವಿಲ್ಲ, ಆದರೂ ಇರಲಿ. ಪುಣೆಯವರ ‘ಚಾಲೇಲ್’ ಕೂಡ ಹೀಗೆಯೇ. ‘ಆಯ್ತ್ರಿ’ ಅಂದರೆ ಮಾತು ಕೊಟ್ಟ ಹಾಗೆ. ಓಕೆ ಈ ಎಲ್ಲವನ್ನೂ ಒಂದೇ ಮಾಡಿಬಿಡುತ್ತದೆ.

ತೊಗರಿ ಸುಗ್ಗಿಯಲ್ಲಿ ಕಾಕಾ ಗಂಜ್‌ನ (ಧಾನ್ಯದ ಮಾರುಕಟ್ಟೆ), ರೈತರ ಮಾಲನ್ನು ಕಮಿಷನ್‌ಗೆ ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಚೀಲ ಇಟ್ಟಿದ್ದರು. ಅಂಗಡಿಯಿಂದ ಆ ದಿನದ ದರ ಮೊಬೈಲಿಗೆ ಬಂತು. ಫೋನೇ ತೋರಿಸಿದ ‘ಓಕೆ’ಯನ್ನು ಕಾಕಾ ಒತ್ತಿದರು. ನೋಡಿದೆ ಎಂಬುದಷ್ಟೇ ಅವರ ಅರ್ಥ. ಅಂಗಡಿಯವರು ಮಾರಿಬಿಟ್ಟರು. ಇನ್ನೂ ಕಾಯಬೇಕು ಅಂತಿದ್ದ ಮನುಷ್ಯನಿಗೆ ಎಷ್ಟು ಸಂಕಟವಾಗಿರಬೇಡ! ಎದುರಿಗೇ ಇದ್ದಿದ್ದರೆ ಅವರು ‘ಹಾಂ ರೀ’ ಅನ್ನುತ್ತಿದ್ದರು. ಯಾರೂ ತೂಕಕ್ಕೆ ಕೈ ಹಾಕುತ್ತಿರಲಿಲ್ಲ.

ಆಫೀಸಿನಲ್ಲಿ ಕೆ ಇರಲಿ. ಅಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತು, ಅಲ್ವಾ? ಆದರೆ ಊರ ಹೊರಗಿರುವ ನಾವು ಹೊಲ, ದುಡ್ಡು, ಮದುವೆ ಮಾತಿಗೆ ಮನೆಯ ಹಿರಿಯರಿಗೆ ಉತ್ತರಿಸುವಾಗ ಪೂರ್ತಿ ಬರೆಯೋಣ. ‘ಓದೀನ್ರಿ, ನಾಳೆ ಹೇಳ್ತೀನಿ’ ಅಂತಲೋ, ‘ಆಯ್ತ್ರಿ, ಮಾಡ್ರಿ’ ಅಂತಲೋ.